ಮೂರು ರೂಪಾಯಿ ನೂರಾದ ಬಗೆ

2024ರ ಜೂನ್ 15. ಮಿರಗದ (ಮೃಗಶಿರಾ) ಮಳೆ ಕೂಡಿ ವಾರವಾಗಿತ್ತು. ಖಟಕ ಚಿಂಚೋಳಿಯ ನಮ್ಮ ಎರಡೆಕರೆಯಲ್ಲಿ ಸೋಯಾ ಬಿತ್ತುವ ಅವಸರ. ಅಂದೇ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.3ರಿಂದ 18.4ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಚಿಲ್ಲರೆ ಹೆಚ್ಚಿತು. ಮರುದಿನ ಹೊಲಕ್ಕೆ ಬಂದ ಟ್ರ್ಯಾಕ್ಟರಿನ ಹುಡುಗ ಎಕರೆಗೆ ನೂರು ರೂಪಾಯಿ ಹೆಚ್ಚು ಕೇಳಿದ.

ಎಕರೆಗೆ ಎಷ್ಟು ಡೀಸೆಲ್ ಕುಡೀತದ ಅಂತ ಕೇಳಿದೆ.

"ಆರು ಲೀಟರ್. ಬಹಳಂದ್ರ ಏಳು."

ಏಳೇ ಹಿಡಿದರೂ ಅವನ ಖರ್ಚು ಹೆಚ್ಚಿದ್ದು ಇಪ್ಪತ್ತೊಂದೋ ಇಪ್ಪತ್ತೆರಡೋ ರೂಪಾಯಿ. ಉಳಿದದ್ದು?

"ಕಾಕಾ, ಇಪ್ಪತ್ತೆರಡು ರೂಪಾಯಿ ಹೆಂಗ ಕೇಳ್ಲಿ? ನೂರಂದ್ರ ಲೆಕ್ಕ ಸಲೀಸ್."

ಸಿಟ್ಟು ಬರಲಿಲ್ಲ. ಅವನಿಗೂ ಸಾಲದ ಕಂತಿದೆ. ಟೈರು, ಆಯಿಲ್ ತುಟ್ಟಿಯಾದಾಗ ಬಾಯಿಬಿಟ್ಟು ಕೇಳಲಾಗದ್ದನ್ನೆಲ್ಲ ಡೀಸೆಲ್ ಹೆಸರಲ್ಲಿ ಒಮ್ಮೆಗೇ ಕೇಳುತ್ತಾನೆ.

ನಮ್ಮ ಓಣಿಯ ಬಹಳ ಮಂದಿ ಪೆಟ್ರೋಲ್ ಬಂಕಿಗೆ ಹೋಗುವುದೇ ಇಲ್ಲ. ಅವರು ಡೀಸೆಲ್ ಕೊಳ್ಳುವುದು ಉಳುಮೆಯ ಬಾಡಿಗೆಯಲ್ಲಿ, ರಾಶಿ ಮಷಿನ್ನಿನವನು ಚೀಲಕ್ಕಿಷ್ಟು ಎನ್ನುವ ಲೆಕ್ಕದಲ್ಲಿ, ಭಾಲ್ಕಿ ಟಂಟಂನ ಸೀಟಿನಲ್ಲಿ. ಬಂಕಿನಲ್ಲಿ ಪೈಸೆವರೆಗೂ ಲೆಕ್ಕ. ಊರೊಳಗೆ ಹತ್ತರ ನೋಟಿಗಿಂತ ಚಿಕ್ಕ ಮೆಟ್ಟಿಲಿಲ್ಲ. ಇಳಿಯುವ ಮೆಟ್ಟಿಲಂತೂ ನಾನು ಕಂಡಿಲ್ಲ. 2021ರ ನವೆಂಬರಿನಲ್ಲಿ ಕೇಂದ್ರ ಲೀಟರ್ ಡೀಸೆಲ್ಲಿಗೆ 10 ರೂಪಾಯಿ, ರಾಜ್ಯ 7 ರೂಪಾಯಿ ತೆರಿಗೆ ಬಿಟ್ಟಾಗಲೂ ನಾನು ಟಂಟಂನವನಿಗೆ ಕೊಟ್ಟದ್ದು ಹಳೆಯ ದರವನ್ನೇ. ಬಸ್ಸಿಗೆ ಹೋಗೋಣವೆಂದರೆ 2025ರ ಜನವರಿಯಲ್ಲಿ ಅದೂ ಶೇ 15 ಏರಿತು. ಹೆಂಗಸರಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆಯಿಂದ ಅವ್ವನಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಭಾಲ್ಕಿಯಿಂದ ಸಾಮಾನು ತರುವ ಕೆಲಸ ಈಗ ಆಕೆಯದೇ. ನಾನು ಚೀಲ ಹಿಡಿದು ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.

2025ರ ಏಪ್ರಿಲ್ 1ಕ್ಕೆ ತೆರಿಗೆ ಶೇ 21.17 ಆಯಿತು, ಡೀಸೆಲ್ ಮತ್ತೆ ಎರಡು ರೂಪಾಯಿ ಮೇಲೆ. ಈ ಸಲ ಮಿರಗಕ್ಕೆ ಮೊದಲೇ ಬದುವಿಗೆ ಬದು ಕೂಡಿದ ನಾಲ್ಕು ಮನೆಯವರು ಸೇರಿ ಅದೇ ಹುಡುಗನನ್ನು ಕರೆದು ಎಂಟೆಕರೆಗೂ ಒಂದೇ ಮಾತು ಆಡಿದೆವು. ಎಂಟೆಕರೆಗೆ 56 ಲೀಟರ್ ಹಿಡಿದರೂ ಹೆಚ್ಚುವುದು 112 ರೂಪಾಯಿ. ಅವನು ತಲೆ ಕೆರೆದುಕೊಂಡು, "ಎಲ್ಲಾ ಕೂಡಿ ಇನ್ನೂರು ಕೊಡ್ರಿ" ಅಂದ. ಕೊಟ್ಟೆವು. ಹಿಂದಿನ ವರ್ಷ ನಾನೊಬ್ಬನೇ ಇನ್ನೂರು ಹೆಚ್ಚು ಕೊಟ್ಟಿದ್ದೆ. ಈ ಸಲ ನನ್ನ ಪಾಲಿಗೆ ಬಂದದ್ದು ಐವತ್ತು.