ಓದುವವರ ಜೊತೆಗೆ ಕೇಳುವವರು

ಕರ್ನಾಟಕ-ಮಹಾರಾಷ್ಟ್ರ ಗಡಿಯ ನಮ್ಮ ಮೆಹಕರದಲ್ಲೂ ಸುತ್ತಲಿನ ಊರುಗಳಲ್ಲೂ ನಾನು ಹುಡುಕುವುದು ಒಂದೇ ಬಗೆಯ ಹಳೆಯ ಫೋಟೊ. ಅದರಲ್ಲಿ ಯಾರಾದರೂ ಅಚ್ಚಾದ ಪುಸ್ತಕ ಹಿಡಿದು ಓದುತ್ತಿರಬೇಕು. ಭಾಲ್ಕಿ, ಔರಾದ, ಬೀದರದ ಮನೆಗಳಲ್ಲಿ ಟ್ರಂಕು ತೆರೆಸಿದಾಗ ಹಿರಿಯರು ಕೇಳುತ್ತಾರೆ: "ಮದಿವಿ ಫೋಟೊ ಬಿಟ್ಟು ಇದ್ಯಾಕ್ರಿ ನಿಮಗ?"

ಇಂಥವು ಸಿಗುವುದು ಅಪರೂಪ. ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೊ. ಮದುವೆ, ತೊಟ್ಟಿಲು, ಜಾತ್ರೆಗೇ ಅವು ಸಾಲುತ್ತಿರಲಿಲ್ಲ. ಅಜ್ಜ ಕಟ್ಟೆಯ ಮೇಲೆ ಓದುತ್ತ ಕೂತದ್ದಕ್ಕೆ ಒಂದನ್ನು ಯಾರು ಖರ್ಚು ಮಾಡಿಯಾರು? ಅದಕ್ಕೇ ಓದುವವರು ಹೆಚ್ಚಾಗಿ ಬೇರೆಯವರ ಫೋಟೊದಲ್ಲಿ ಸಿಗುತ್ತಾರೆ. ಮದುಮಗನ ಬೆನ್ನ ಹಿಂದಿನ ಪಡಸಾಲೆಯಲ್ಲಿ, ಕೂಸು ಎತ್ತಿಕೊಂಡವಳ ಪಕ್ಕದ ಕಂಬದ ಹತ್ತಿರ. ನಡುವಿನ ಮುಖ ಬಿಟ್ಟು ಮೂಲೆಗಳನ್ನು ನೋಡುವುದು ಹೀಗೆ ರೂಢಿಯಾಯಿತು.

ಸ್ಟುಡಿಯೊ ಫೋಟೊಗಳಲ್ಲಿ ಪುಸ್ತಕ ಮೇಜಿನ ಮೇಲೆ, ಕಣ್ಣು ಕ್ಯಾಮೆರಾದ ಮೇಲೆ. ಓದಲು ಬಾರದವರೂ ಪುಸ್ತಕದ ಮೇಲೆ ಕೈಯಿಟ್ಟು ತೆಗೆಸಿಕೊಂಡಿದ್ದಾರೆ. ಆ ಆಸೆ ನನಗೆ ದೊಡ್ಡದು, ಅವನ್ನೂ ಸೇರಿಸಿಕೊಳ್ಳುತ್ತೇನೆ.

ಫೋಟೊದಲ್ಲಿ ಅಕ್ಷರ ಕಾಣುವುದಿಲ್ಲ, ಆದರೂ ಭಾಷೆಯನ್ನು ಊಹಿಸಬಹುದು. ನಮ್ಮ ಗಡಿಯಲ್ಲಿ ಇದು ಮುಖ್ಯ. ಉರ್ದು ಪುಸ್ತಕದ ಮುಖಪುಟ ಎದುರಿಗಿದ್ದರೆ ಹೊಲಿಗೆ ಬಲಕ್ಕಿರುತ್ತದೆ. ಕನ್ನಡ, ಮರಾಠಿ ಪುಸ್ತಕದ್ದು ಎಡಕ್ಕೆ. ಅಡ್ಡ ಉದ್ದನೆಯ ಬಿಡಿ ಹಾಳೆಗಳನ್ನು ತೊಡೆಯ ಮೇಲೋ ಪೀಠದ ಮೇಲೋ ಹರಡಿದ್ದರೆ ಅದು ಬಹುಮಟ್ಟಿಗೆ ಮರಾಠಿ ಪೋಥಿ. ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದ್ದರೆ ಎಡಬಲ ಅದಲುಬದಲಾಗುತ್ತದೆ, ಅದಕ್ಕೆ ಮೊದಲು ಅಂಗಿಯ ಕಿಸೆ ನೋಡುತ್ತೇನೆ. ಅದು ಸಾಮಾನ್ಯವಾಗಿ ತೊಟ್ಟವರ ಎಡ ಎದೆಯ ಮೇಲಿರುತ್ತದೆ. ನಿಜಾಮರ ಕಾಲದಲ್ಲಿ ಸರ್ಕಾರಿ ಶಾಲೆಯ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಇಲ್ಲಿ ಮನೆಮನೆಯ ಮಾತು. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರಿಗಿಂತ ಹಿಂದಿನ ಫೋಟೊದಲ್ಲಿ ಹುಡುಗನ ಕೈಯಲ್ಲಿರುವುದು ಕನ್ನಡ ಪುಸ್ತಕವೆಂದು ಮನೆಯವರು ಹೇಳಿದಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತೇನೆ.

ಹಂಗೇರಿಯ ಆಂದ್ರೆ ಕರ್ಟೇಶ್ ಓದುವವರನ್ನೇ ಹಲವು ದಶಕ ಫೋಟೊ ತೆಗೆದು 1971ರಲ್ಲಿ ಪುಸ್ತಕ ತಂದ. ಬಾಲ್ಕನಿ, ಮಾಳಿಗೆ, ತೋಟದ ಬೆಂಚು: ಅವನ ಓದುಗರಲ್ಲಿ ಹೆಚ್ಚಿನವರು ಒಬ್ಬಂಟಿಗರು. ನನಗೆ ಸಿಗುವ ಫೋಟೊಗಳಲ್ಲಿ ಹಾಗಿಲ್ಲ. ಶ್ರಾವಣದ ಪುರಾಣವಿರಲಿ, ಪೋಥಿಯಿರಲಿ, ಮುಂಬೈಯಿಂದ ಬಂದ ಕಾಗದವಿರಲಿ, ಒಬ್ಬರು ಓದಿದರೆ ಹತ್ತು ಮಂದಿ ಕೇಳುವ ಊರು ನಮ್ಮದು. ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಸೆರಗು ತಲೆಯ ಮೇಲೆ, ಕೈಯಲ್ಲಿ ಬತ್ತಿ ಹೊಸೆಯುವ ಹತ್ತಿ. ಅಕ್ಷರ ಬಾರದಿದ್ದರೂ ಅಧ್ಯಾಯಗಟ್ಟಲೆ ಕತೆ ಅವರಿಗೆ ಬಾಯಿಪಾಠ. ಅವರೂ ಆ ಪುಸ್ತಕದ ಓದುಗರೇ ಎಂದು ನಾನು ನಂಬಿದ್ದೇನೆ. ಓದುವವನ ಮುಖ ದೊಡ್ಡದಾಗಿ ಕಾಣಲೆಂದು ಅಂಚು ಕತ್ತರಿಸಿದರೆ ಹೋಗುವವರು ಇವರೇ. ನಾನು ಒಂದು ಅಂಚನ್ನೂ ಕತ್ತರಿಸುವುದಿಲ್ಲ.

ಮೂಲ ಫೋಟೊವನ್ನು ಮನೆಯವರಿಂದ ತೆಗೆದುಕೊಳ್ಳುವುದಿಲ್ಲ. ಅವರೆದುರೇ ಮುಂದೆ ಹಿಂದೆ ಎರಡನ್ನೂ ಸ್ಕ್ಯಾನ್ ಮಾಡಿ ಮರಳಿಸುತ್ತೇನೆ. ಬೆನ್ನ ಮೇಲಿನ ಸ್ಟುಡಿಯೊ ಮುದ್ರೆ, ಪೆನ್ಸಿಲ್ ಗೀಚು ಎಷ್ಟೋ ಸಲ ಮುಖಕ್ಕಿಂತ ಹೆಚ್ಚು ಹೇಳುತ್ತವೆ. ಚೌಕಟ್ಟಿನ ಗಾಜಿಗೆ ಅಂಟಿದ್ದನ್ನು ಕೀಳಬಾರದು, ಗಾಜಿನ ಮೇಲಿಂದಲೇ ಅದರ ಫೋಟೊ ತೆಗೆಯಬೇಕು. ಅಂಟು ಹಾಳೆಯ ಆಲ್ಬಮ್ಮಿನಲ್ಲಿದ್ದರೆ ಬಿಡಿಸಿ ಕಾಗದದ ಲಕೋಟೆಯಲ್ಲಿಡಲು ಹೇಳುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲ ಕೆಲಸ, ಗುರುತಿಸಬಲ್ಲ ಅಜ್ಜಿ ಇರುವಾಗಲೇ ಕೇಳುವುದು: ಯಾರು ಓದುತ್ತಿದ್ದರು, ಯಾವ ಪುಸ್ತಕ, ಯಾರು ಕೇಳುತ್ತಿದ್ದರು.

1956ರಲ್ಲಿ ರಾಜ್ಯಗಳು ಬೇರೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಗಡಿಯಾಚೆಗೆ ಹೋದವು. ಬೀಗತನ ಇಂದಿಗೂ ಎರಡೂ ಕಡೆ ಇದೆ. ಮೆಹಕರದಿಂದ ಕೊಟ್ಟ ಹೆಣ್ಣುಮಕ್ಕಳು ತವರಿನ ಫೋಟೊಗಳನ್ನು ಸೀರೆಯ ಮಡಿಕೆಯಲ್ಲಿ ಒಯ್ದಿದ್ದಾರೆ. ಈಗ ಆ ಮನೆಗಳಿಗೆ ಹೋಗಲು ಶುರುಮಾಡಿದ್ದೇನೆ.