ವರ್ಚುವಲ್ ಯಂತ್ರಗಳಿಗೆ ಮೆಮೊರಿ ಹಂಚಿಕೆ: ಅಟ್ಟದ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿದ ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿಯೇ ಒಣಗುತ್ತದೆ. ಕಾಯಿ ಸುಲಿಯುವ ಆಳು ಇಂದು ಒಂದು ಮನೆಗೆ, ನಾಳೆ ಇನ್ನೊಂದು ಮನೆಗೆ ಸರದಿಯಂತೆ ಹೋಗಬಲ್ಲನು. ಅಟ್ಟ ಹಾಗೆ ಸರದಿಗೆ ಸಿಗುವುದಿಲ್ಲ. ಇರುವ ರಾಶಿ ಇಳಿಯುವವರೆಗೆ ಆ ಜಾಗ ಬೇರೊಂದಕ್ಕೆ ಇಲ್ಲ. ಒಂದೇ ಗಣಕಯಂತ್ರದೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವಾಗಲೂ ಇದೇ ಭೇದವನ್ನು ಅರಿತಿರಬೇಕು. ಪ್ರೊಸೆಸರ್ ಆಳಿನಂತೆ, ಮೆಮೊರಿ, ಅಂದರೆ ರ‍್ಯಾಮ್, ಅಟ್ಟದಂತೆ.

ಪಂಚತಂತ್ರ, ಇ-ಸ್ವತ್ತು ಮುಂತಾದವು ಅಂತರ್ಜಾಲದ ಮೂಲಕ ನಡೆಯುವ ತಂತ್ರಾಂಶಗಳಾದುದರಿಂದ ಅವುಗಳ ಭಾರವನ್ನು ದೂರದ ಸರ್ವರ್‌ಗಳೇ ಹೊರುತ್ತವೆ. ಕಚೇರಿಯಲ್ಲಿ ವರ್ಚುವಲ್ ಯಂತ್ರ ಉಪಯುಕ್ತವಾಗುವ ಸಂದರ್ಭಗಳು ಬೇರೆ: ವಿಂಡೋಸ್ 7ರಲ್ಲಿ ಮಾತ್ರ ತೆರೆಯುವ ಹಳೆಯ ಲೆಕ್ಕಪತ್ರ, ಸಿಬ್ಬಂದಿಯ ಅಭ್ಯಾಸ ತರಬೇತಿ, ಸ್ಕ್ಯಾನ್ ಮಾಡಿದ ಕಡತಗಳ ಸಂಗ್ರಹ. ವಿಂಡೋಸ್ 7ಕ್ಕೆ ಭದ್ರತಾ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿರುವುದರಿಂದ ಅದನ್ನು ಜಾಲ ಸಂಪರ್ಕವಿಲ್ಲದ ವರ್ಚುವಲ್ ಯಂತ್ರದಲ್ಲಿಡುವುದೇ ಲೇಸು.

ಉದಾಹರಣೆಗೆ, 16 ಜಿಬಿ ಮೆಮೊರಿಯ ಒಂದು ಗಣಕಯಂತ್ರವನ್ನು ತೆಗೆದುಕೊಳ್ಳಬಹುದು. ಮೊದಲು ಮೂಲ ಯಂತ್ರದ ಪಾಲು 4 ಜಿಬಿ ತೆಗೆದಿಡಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕಾದುದರಿಂದ ಎರಡು ತರಬೇತಿ ಯಂತ್ರಗಳಿಗೆ 8 ಜಿಬಿ. ಕಡತ ಸಂಗ್ರಹದ ಲಿನಕ್ಸ್ ಯಂತ್ರಕ್ಕೆ 2, ಹಳೆಯ ಲೆಕ್ಕಪತ್ರಕ್ಕೆ 2. ಒಟ್ಟು 16; ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಪ್ರತಿ ವರ್ಚುವಲ್ ಯಂತ್ರವನ್ನು ನಡೆಸುವುದಕ್ಕೇ ಮೂಲ ಯಂತ್ರದಲ್ಲಿ ಇನ್ನಷ್ಟು ಮೆಮೊರಿ ವ್ಯಯವಾಗುತ್ತದೆ. ಅದು ಈ ಕೂಡಿಕೆಯಲ್ಲಿ ಬಂದಿಲ್ಲ.

ಮೆಮೊರಿ ಸಾಲದಾದಾಗ ಮೂಲ ಯಂತ್ರ ಅದರ ಒಂದು ಭಾಗವನ್ನು ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುತ್ತದೆ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡು ಬೇಕು. ವ್ಯತ್ಯಾಸ ಲಕ್ಷ ಪಟ್ಟು. ಆಗ ಒಂದು ಯಂತ್ರವಲ್ಲ, ಎಲ್ಲ ಯಂತ್ರಗಳೂ ಒಟ್ಟಿಗೆ ಸ್ತಬ್ಧವಾದಂತೆ ತೋರುತ್ತವೆ. ಇದಕ್ಕಿಂತ ಕೆಟ್ಟದ್ದೂ ಉಂಟು. ಮೂಲ ಯಂತ್ರ ಲಿನಕ್ಸ್ ಆಗಿದ್ದರೆ, ಮೆಮೊರಿ ಪೂರ್ತಿ ಬರಿದಾದಾಗ ಅದು ಹೆಚ್ಚು ಜಾಗ ಹಿಡಿದಿರುವ ಕಾರ್ಯವನ್ನು ಹುಡುಕಿ ನಿಲ್ಲಿಸುತ್ತದೆ. ಹೆಚ್ಚು ಜಾಗ ಹಿಡಿದಿರುವುದು ಸಾಮಾನ್ಯವಾಗಿ ವರ್ಚುವಲ್ ಯಂತ್ರವೇ. ಕಡತ ಉಳಿಸುತ್ತಿದ್ದ ಕ್ಷಣದಲ್ಲಿ ಹಾಗಾದರೆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಬಳಸುತ್ತಿದ್ದವರು ವಿದ್ಯುತ್ತನ್ನು ದೂರುತ್ತಾರೆ.

ಆದುದರಿಂದ ಯಾವ ಯಂತ್ರಗಳು ಏಕಕಾಲದಲ್ಲಿ ಚಾಲನೆಯಲ್ಲಿರಬೇಕು ಎಂಬುದನ್ನು ಮೊದಲು ನಿರ್ಧರಿಸತಕ್ಕದ್ದು. ಮೇಲಿನ ಉದಾಹರಣೆಯಲ್ಲಿ ತರಬೇತಿಯ ದಿನ ಹಳೆಯ ಲೆಕ್ಕಪತ್ರದ ಯಂತ್ರವನ್ನು ಮುಚ್ಚಿದರೆ ಬಳಕೆ 14 ಜಿಬಿಗೆ ಇಳಿದು 2 ಜಿಬಿ ತೆರವಾಗಿರುತ್ತದೆ. ಲೆಕ್ಕಪರಿಶೋಧನೆಯ ದಿನಗಳಲ್ಲಿ ತರಬೇತಿ ಯಂತ್ರಗಳೆರಡೂ ಬೇಡ. ಬಳಕೆ 8 ಜಿಬಿ ಮಾತ್ರ. ಹೊಸ ಗಣಕಯಂತ್ರದ ಬೇಡಿಕೆ ಸಲ್ಲಿಸುವ ಮುನ್ನ ಇಷ್ಟು ಲೆಕ್ಕ ಹಾಕಿದರೆ ಆ ಬೇಡಿಕೆಯೇ ಅನಗತ್ಯವಾಗಬಹುದು.

ಹೈಪರ್-ವಿ ತಂತ್ರಾಂಶದ ಡೈನಾಮಿಕ್ ಮೆಮೊರಿಯಂತಹ ಸೌಲಭ್ಯಗಳು ಒಂದು ಯಂತ್ರ ಬಳಸದೆ ಬಿಟ್ಟಿರುವ ಜಾಗವನ್ನು ಮತ್ತೊಂದಕ್ಕೆ ಕೊಡಬಲ್ಲವು. ಅಟ್ಟದಲ್ಲಿ ನಿಜವಾಗಿಯೂ ಖಾಲಿ ಮೂಲೆಯಿದ್ದಾಗ ಮಾತ್ರ ಇದು ನಡೆಯುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ದಿನ ಕೆಲಸ ಬಿದ್ದರೆ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇದನ್ನೇ ನಂಬಿ ಇರುವುದಕ್ಕಿಂತ ಹೆಚ್ಚು ಹಂಚುವುದು ಸಲ್ಲದು.

ಎಷ್ಟು ಕೊಡಬೇಕೆಂಬುದನ್ನು ಊಹೆಯಿಂದಲ್ಲ, ಕೆಲಸ ಹೆಚ್ಚಿರುವ ಒಂದು ವಾರದ ಅಳತೆಯಿಂದ ನಿರ್ಧರಿಸಬೇಕು. ಸರಾಸರಿಯನ್ನಲ್ಲ, ಗರಿಷ್ಠ ಬಳಕೆಯನ್ನು ಹಿಡಿಯಬೇಕು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಇದನ್ನು ತೋರಿಸುತ್ತದೆ. ಲಿನಕ್ಸ್‌ನ ‘ಫ್ರೀ’ ಆದೇಶದಲ್ಲಿ ‘ಫ್ರೀ’ ಎಂಬ ಅಂಕಣ ಕಡಿಮೆ ಕಂಡರೆ ಗಾಬರಿಯಾಗಬೇಕಿಲ್ಲ. ಲಿನಕ್ಸ್ ತೆರವಾದ ಜಾಗವನ್ನು ಡಿಸ್ಕಿನ ಮಾಹಿತಿ ಇಟ್ಟುಕೊಳ್ಳಲು ಬಳಸಿ, ಬೇಕಾದಾಗ ಬಿಟ್ಟುಕೊಡುತ್ತದೆ. ‘ಅವೈಲಬಲ್’ ಎಂಬ ಅಂಕಣವೇ ನಂಬತಕ್ಕದ್ದು.

ಇಷ್ಟಾಗಿಯೂ ಸಾಲದಿದ್ದಲ್ಲಿ ರ‍್ಯಾಮ್ ಸೇರಿಸಬಹುದು. ಬೇಡಿಕೆಯ ಟಿಪ್ಪಣಿ ಬರೆಯುವ ಮುನ್ನ ಮದರ್‌ಬೋರ್ಡಿನಲ್ಲಿ ಖಾಲಿ ಸ್ಲಾಟ್ ಇದೆಯೇ, ಅದು ಡಿಡಿಆರ್4 ಬಗೆಯದೋ ಡಿಡಿಆರ್5 ಬಗೆಯದೋ ಎಂದು ಪರಿಶೀಲಿಸತಕ್ಕದ್ದು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಇರುವ ಎರಡೇ ಸ್ಲಾಟುಗಳಲ್ಲಿ 8 ಜಿಬಿಯ ಎರಡು ಪಟ್ಟಿಗಳಿದ್ದರೆ ಸೇರಿಸಲು ಜಾಗವಿಲ್ಲ, ಬದಲಿಸಲು ಮಾತ್ರ ಸಾಧ್ಯ ಎಂಬುದನ್ನೂ ಟಿಪ್ಪಣಿಯಲ್ಲಿ ಕಾಣಿಸಬೇಕು.