ಮೇಣದ ಬ್ಲಾಕಿನಲ್ಲಿ ಎಚ್‌ಪಿವಿ ಹುಡುಕುವವರಿಗೆ

ಬುಕ್ಕಾಪಟ್ಟಣದ ಹೆಂಗಸೊಬ್ಬರಿಗೆ ಗರ್ಭಕಂಠದಲ್ಲಿ ಗಡ್ಡೆ ಇದೆ ಅಂದುಕೊಳ್ಳಿ. ಶಿರಾದಲ್ಲಿ ತೋರಿಸಿ, ತುಮಕೂರಿಗೆ ಹೋಗಿ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವುದು ನಮ್ಮ ಕಡೆಯವರಿಗೆ ರೂಢಿಯಾದ ದಾರಿ. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೆಲವೇ ಮಿಲಿಮೀಟರ್‌ನ ಚೂರು ತೆಗೆದು ಫಾರ್ಮಲಿನ್‌ಗೆ ಹಾಕುತ್ತಾರೆ. ಆಮೇಲೆ ಅದು ಮೇಣದ ಬ್ಲಾಕ್ ಆಗುತ್ತದೆ, ಪೆಥಾಲಜಿಸ್ಟ್ ನೋಡಿ ರೋಗ ಹೇಳಿದ ಮೇಲೆ ಕಪಾಟು ಸೇರುತ್ತದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆಯಾಗಿ, ಹೆಸರು ಹೋಗಿ ಬರೀ ನಂಬರು ಉಳಿದು, ಒಂದು ದಿನ ನಿಮ್ಮ ಮೇಜಿಗೆ ಬರುತ್ತದೆ. ನೀವು ಹೇಳಬೇಕಾದ್ದು ಎರಡೇ: ಇದರಲ್ಲಿ ಎಚ್‌ಪಿವಿ ಇದೆಯೆ, ಇದ್ದರೆ ಯಾವ ಟೈಪು?

ಈ ವೈರಸ್ಸಿನ ಡಿಎನ್ಎ ಸುಮಾರು 8,000 ಬೇಸ್ ಜೋಡಿಗಳ ಒಂದು ಉಂಗುರ. ಎಲ್1 ಎಂಬ ಜೀನು ಹತ್ತಿರದ ಟೈಪಿಗಿಂತ ಶೇ. 10ಕ್ಕೂ ಹೆಚ್ಚು ಬೇರೆಯಾಗಿದ್ದರೆ ಅದನ್ನು ಹೊಸ ಟೈಪು ಅನ್ನುತ್ತಾರೆ. ಹೀಗೆ 200ಕ್ಕೂ ಹೆಚ್ಚು ಟೈಪುಗಳಿವೆ. ಕ್ಯಾನ್ಸರ್ ತರುವವು ಹನ್ನೆರಡು ಹದಿಮೂರು. 16 ಮತ್ತು 18 ಎರಡೇ ಸೇರಿ ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ. ಇವೆರಡನ್ನೂ ಗಡ್ಡೆಗಳಲ್ಲಿ ಪತ್ತೆ ಮಾಡಿದ್ದು 1983-84ರಲ್ಲಿ, ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರ ತಂಡ. 2008ರಲ್ಲಿ ಅವರಿಗೆ ನೊಬೆಲ್ ಬಂತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಲಸಿಕೆ 6, 11, 16, 18ಕ್ಕೆ ಗುರಿಯಿಟ್ಟದ್ದು. ನಮ್ಮ ಹೆಂಗಸರ ಗಡ್ಡೆಗಳಲ್ಲಿ ಈ ನಾಲ್ಕರ ಆಚೆಯ ಟೈಪುಗಳು ಎಷ್ಟಿವೆ ಎಂದು ತಿಳಿಯಬೇಕಾದರೆ ಟೈಪಿಂಗ್ ಬೇಕೇ ಬೇಕು.

ಹೊಸಬರು ಪಿಸಿಆರ್ ಯಂತ್ರದಿಂದ ಯೋಚನೆ ಶುರು ಮಾಡುತ್ತಾರೆ. ನೀವು ಫಾರ್ಮಲಿನ್ನಿಂದ ಶುರು ಮಾಡಿ. ಡಬ್ಬದ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸುವುದು ಎಲ್ಲ ಕಡೆಯೂ ಗೊತ್ತು. ಬಫರ್ ಹಾಕದೆ ಬರೀ ನಲ್ಲಿ ನೀರು ಬೆರೆಸಿದರೆ ದ್ರವ ಬರುಬರುತ್ತಾ ಆಮ್ಲವಾಗಿ ಡಿಎನ್ಎ ತುಂಡಾಗುತ್ತದೆ. ಚೂರು ಅದರಲ್ಲೇ ದಿನಗಟ್ಟಲೆ ನೆನೆದರೆ ಇನ್ನೂ ಹಾಳು. ಹಳೆಯ ಬ್ಲಾಕುಗಳಲ್ಲಿ ಎಷ್ಟೋ ಸಲ 100-200 ಬೇಸ್ ಜೋಡಿಯ ತುಣುಕುಗಳಷ್ಟೇ ಸಿಗುತ್ತವೆ. ಎಂವೈ09/11 ಪ್ರೈಮರ್‌ಗೆ ಸುಮಾರು 450 ಜೋಡಿಯ ಉದ್ದ ಬೇಕು, ಜಿಪಿ5+/6+ಗೆ 150, ಎಸ್‌ಪಿಎಫ್10ಗೆ 65 ಸಾಕು. ಬ್ಲಾಕಿಗೆ ಎಂವೈ ಹಾಕಿ 'ವೈರಸ್ ಇಲ್ಲ' ಎಂದು ಬರೆಯುವುದು ನನ್ನ ಮಟ್ಟಿಗೆ ಪರೀಕ್ಷೆಯೇ ಅಲ್ಲ.

ಇನ್ನು ಮೈಕ್ರೋಟೋಮ್. ಹಸಿಮೆಣಸಿನಕಾಯಿ ಹೆಚ್ಚಿದ ಚಾಕುವಿನಲ್ಲೇ ಹಣ್ಣು ಹೆಚ್ಚಿದರೆ ಏನಾಗುತ್ತದೋ ಇಲ್ಲೂ ಅದೇ. ಒಬ್ಬರ ಬ್ಲಾಕಿನ ವೈರಸ್ ಇನ್ನೊಬ್ಬರ ಟ್ಯೂಬಿಗೆ ಹೋಗುತ್ತದೆ. ಪ್ರತಿ ಬ್ಲಾಕಿಗೂ ಬ್ಲೇಡು ಬದಲಿಸಿ, ಫೋರ್ಸೆಪ್ಸ್ ಒರೆಸಿ, ಗ್ಲೌಸು ಬದಲಿಸಿ, ನಡುನಡುವೆ ಅಂಗಾಂಶವೇ ಇಲ್ಲದ ಖಾಲಿ ಮೇಣದ ಬ್ಲಾಕೊಂದನ್ನು ಕತ್ತರಿಸಿ ಅದನ್ನೂ ಒಂದು ಮಾದರಿಯಂತೆಯೇ ಕೊನೆಯವರೆಗೆ ನಡೆಸಿ. ಅದರಲ್ಲಿ ಬ್ಯಾಂಡ್ ಬಂದರೆ ಆ ದಿನದ ಕೆಲಸವೆಲ್ಲ ಮತ್ತೆ. ಮೊದಲ ಸೆಕ್ಷನ್ನು, ಕೊನೆಯ ಸೆಕ್ಷನ್ನು ಎರಡನ್ನೂ ಸ್ಲೈಡಿಗೆ ಹಾಕಿ ಬಣ್ಣ ಕೊಡಿಸಿ. ನಡುವಿನವು ಡಿಎನ್ಎಗೆ. ಎರಡೂ ತುದಿಯಲ್ಲಿ ಗಡ್ಡೆ ಕಂಡರೆ ಮಾತ್ರ ನಡುವೆಯೂ ಗಡ್ಡೆ ಇತ್ತು ಅನ್ನಬಹುದು.

ಮೇಣ ಕರಗಿಸಿ, ಪ್ರೋಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದನ್ನು ಕಿಟ್ಟಿನ ಹಾಳೆಯೇ ಕಲಿಸುತ್ತದೆ. ಹಾಳೆ ಹೇಳದ್ದು ಬೀಟಾ ಗ್ಲೋಬಿನ್ ವಿಷಯ. ಇದು ಮನುಷ್ಯನದೇ ಜೀನು, ಎಲ್ಲ ಮಾದರಿಯಲ್ಲೂ ಸಿಗಲೇಬೇಕು. ಸಿಗದಿದ್ದರೆ ರಿಜಿಸ್ಟರಿನಲ್ಲಿ 'ಇಲ್ಲ' ಎಂದಲ್ಲ, 'ಹೇಳಲಾಗದು' ಎಂದು ಬರೆಯಿರಿ. ಅದರ ತುಣುಕು ವೈರಸ್ಸಿನ ತುಣುಕಿನಷ್ಟಾದರೂ ಉದ್ದವಿರಬೇಕು. 100 ಜೋಡಿಯ ಗ್ಲೋಬಿನ್ ಬಂತೆಂದು 450ರ ಫಲಿತಾಂಶ ನಂಬುವುದು ತಪ್ಪು. ಪಾಸಿಟಿವ್ ಕಂಟ್ರೋಲಿಗೆ ಸಿಹಾ ಕೋಶಗಳು ಒಳ್ಳೆಯವು, ಒಂದೊಂದರಲ್ಲೂ ಟೈಪ್ 16ರ ಒಂದೆರಡು ಪ್ರತಿ ಮಾತ್ರ. ನೂರಾರು ಪ್ರತಿ ಇರುವ ಕಾಸ್ಕಿ ಎಂಥ ಕೆಟ್ಟ ಪಿಸಿಆರ್‌ನಲ್ಲೂ ಹೊಳೆಯುತ್ತದೆ.

ಟೈಪು ಗುರುತಿಸಲು ರಿವರ್ಸ್ ಹೈಬ್ರಿಡೈಸೇಶನ್ ಪಟ್ಟಿ ಅನುಕೂಲ. ಒಂದೊಂದು ಟೈಪಿನ ಪ್ರೋಬು ಒಂದೊಂದು ಗೆರೆಯಾಗಿ ಪಟ್ಟಿಯ ಮೇಲೆ ಅಂಟಿರುತ್ತದೆ. ಹೊಂದಿದ ಗೆರೆ ಬಣ್ಣ ತಾಳುತ್ತದೆ. ಒಬ್ಬರಲ್ಲೇ ಎರಡು ಟೈಪು ಇದ್ದರೆ ಎರಡು ಗೆರೆ. ನೇರ ಸ್ಯಾಂಗರ್ ಸೀಕ್ವೆನ್ಸಿಂಗಿನಲ್ಲಿ ಅಂಥ ಮಾದರಿಯ ಶಿಖರಗಳು ಒಂದರ ಮೇಲೊಂದು ಕೂತು ಓದಲಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ವೈರಸ್ ನಮ್ಮ ಕ್ರೋಮೋಸೋಮಿನೊಳಗೆ ಸೇರುವಾಗ ಎಲ್1 ಕಳೆದುಹೋಗಬಹುದು, ಇ6 ಮತ್ತು ಇ7 ಎಂಬ ಜೀನುಗಳು ಉಳಿಯುತ್ತವೆ. ಗ್ಲೋಬಿನ್ ಚೆನ್ನಾಗಿ ಬಂದು ಎಲ್1 ಬಾರದ ಗಡ್ಡೆಗೆ ಇ6 ಅಥವಾ ಇ7 ಪ್ರೈಮರ್ ಹಾಕಿ ನೋಡದೆ ಕಡತ ಮುಚ್ಚಬೇಡಿ.

ಬಾಯಿ ಕ್ಯಾನ್ಸರ್‌ನ ಬ್ಲಾಕು ಬಂದರೆ ಲೆಕ್ಕವೇ ಬೇರೆ. ನಮ್ಮ ಕಡೆ ಅದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪು, ಅಡಿಕೆ, ಗುಟ್ಕಾ. ಪಿಸಿಆರ್ ಬೆರಳೆಣಿಕೆಯ ಪ್ರತಿಗಳನ್ನೂ ಹಿಗ್ಗಿಸಿ ತೋರಿಸುವುದರಿಂದ, ಸುಮ್ಮನೆ ಅಲ್ಲಿ ಬಂದು ಕೂತ ವೈರಸ್ಸೂ ಪಾಸಿಟಿವ್ ಆಗುತ್ತದೆ. ಅದು ಅಲ್ಲಿ ಕೆಲಸ ಮಾಡುತ್ತಿದೆಯೆ ಎಂದು ತಿಳಿಯಲು ಇ6, ಇ7ರ ಆರ್‌ಎನ್‌ಎ ಹುಡುಕಬೇಕು, ಪಕ್ಕದ ಸೆಕ್ಷನ್ನಿಗೆ ಪಿ16 ಎಂಬ ಪ್ರೋಟೀನಿನ ಬಣ್ಣ ಹಾಕಿಸಬೇಕು. ಪಿ16 ಒಂದೇ ಸಾಲದು, ವೈರಸ್ ಇಲ್ಲದ ಗಡ್ಡೆಗಳಲ್ಲೂ ಅದು ಬಣ್ಣ ಹಿಡಿಯುವುದುಂಟು. ಬರೀ ಡಿಎನ್ಎ ಬ್ಯಾಂಡ್ ತೋರಿಸಿ 'ಎಚ್‌ಪಿವಿಯಿಂದ ಬಂದ ಬಾಯಿ ಕ್ಯಾನ್ಸರ್' ಎಂದು ಪ್ರಬಂಧ ಬರೆದವರಿಗೆ ವೈವಾದಲ್ಲಿ ನಾನು ಮೊದಲು ಕೇಳುವುದು ಆ ಆರ್‌ಎನ್‌ಎ ಫಲಿತಾಂಶವನ್ನೇ.